ನಿಮ್ಮ ಮಗು ಇಂದು ಶಾಲೆಗೆ ಬಂದಿಲ್ಲ

ಅವನು ಓಡಿಬಂದ ರಭಸಕ್ಕೆ ಮೂರನೇ ತರಗತಿಯ ಬಾಗಿಲು ಗೋಡೆಗೆ ಬಡಿದು ವಾಪಸ್ ಬಂತು.

ಭಾಗಾಕಾರ ಬರೆಯುತ್ತಿದ್ದ ಟೀಚರ್ ಸೀಮೆಸುಣ್ಣ ಹಿಡಿದೇ ತಿರುಗಿದಳು. ಬಾಗಿಲಲ್ಲಿ ನಿಂತಿದ್ದವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಂಗಿಯ ಜೇಬಿನಲ್ಲಿ ಪುಟಾಣಿ ಸ್ಕ್ರೂಡ್ರೈವರು, ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಯಾರದೋ ಕನ್ನಡಕದಿಂದ ಬಿಚ್ಚಿದ ಒಂಟಿ ಕಡ್ಡಿ. ಅವನ ಕಣ್ಣುಗಳು ಬೆಂಚಿನಿಂದ ಬೆಂಚಿಗೆ ಓಡಿದವು. ಕಿಟಕಿ ಪಕ್ಕದ ಬೆಂಚಿನಲ್ಲಿ ಸಣಕಲು ಹುಡುಗಿಯೊಬ್ಬಳು ಪೆನ್ಸಿಲ್ ಚೂಪು ಮಾಡುತ್ತಿದ್ದಳು.

"ಅಪ್ಪಾ?" ಎಂದಳು ಅವಳು.

ಅವನು ಬಾಗಿಲ ಚೌಕಟ್ಟಿಗೆ ಒರಗಿಕೊಂಡೇ ಜಾರುತ್ತ ಹೊಸಿಲ ಮೇಲೆ ಕುಸಿದು ಕೂತುಬಿಟ್ಟ.

ಟೀಚರ್ ಅವನನ್ನು ಮೊಗಸಾಲೆಗೆ ಕರೆತಂದು ನೀರು ಕೊಟ್ಟಳು. ಅವನು ಮೊಬೈಲನ್ನು ಅವಳ ಮುಂದೆ ಹಿಡಿದ. ‘ನಿಮ್ಮ ಮಗು ಇಂದು ಶಾಲೆಗೆ ಬಂದಿಲ್ಲ.’

ಆ ವರ್ಷವಷ್ಟೇ ಶಾಲೆಗೆ ಹೊಸ ಆಪ್ ಬಂದಿತ್ತು. ಹಾಜರಿ, ಹೋಂವರ್ಕ್, ಪರೀಕ್ಷೆಯ ಅಂಕ, ಶಿಕ್ಷಕರ ಮಾತು, ಎಲ್ಲವೂ ಅದರಲ್ಲೇ. ಯಾವ ಮಗುವಿನ ಹೆಸರಿನ ಮುಂದೆ ಗೈರು ಎಂದು ಒತ್ತಿದರೂ ಆ ಕ್ಷಣವೇ ಹೆತ್ತವರ ಮೊಬೈಲಿಗೆ ಸುದ್ದಿ ಹೋಗುತ್ತಿತ್ತು. ಬೆಳಿಗ್ಗೆ ಜ್ವರ ಬಂದ ಹುಡುಗನ ಹೆಸರು ಒತ್ತುವಾಗ ಟೀಚರ್‌ಳ ಬೆರಳು ಒಂದು ಸಾಲು ಕೆಳಗೆ ಜಾರಿತ್ತು. ಅಷ್ಟೇ.

ಅವಳು ಕ್ಷಮೆ ಕೇಳಿದಳು. ಬೈಗುಳಕ್ಕೆ ಸಿದ್ಧಳಾಗಿಯೇ ನಿಂತಿದ್ದಳು. ಇದಕ್ಕಿಂತ ಸಣ್ಣ ತಪ್ಪಿಗೆ ಶಾಲೆಯನ್ನೇ ತಲೆ ಮೇಲೆ ಹೊತ್ತುಕೊಂಡ ತಂದೆ ತಾಯಂದಿರನ್ನು ಅವಳು ನೋಡಿದ್ದಳು. ಇವನು ನೀರು ಕುಡಿದು ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದ:

"ಟೀಚರ್, ನಿಮಗದು ಬೆರಳಿನ ತಪ್ಪು. ಅಂಗಡಿಯಿಂದ ಇಲ್ಲಿಗೆ ಬರೋವಷ್ಟರಲ್ಲಿ ನಾನು ಅವಳನ್ನ ಎಷ್ಟು ಸಲ ಕಳ್ಕೊಂಡೆ ಗೊತ್ತಾ?"

ಬಾಗಿಲಿಗೆ ಪೆಟ್ಟಾಗಿದೆಯಾ ಎಂದು ಮುಟ್ಟಿ ನೋಡಿ ಅವನು ಹೊರಟುಹೋದ. ಬೈದಿದ್ದರೇ ಚೆನ್ನಾಗಿತ್ತು... ಎಂದುಕೊಂಡಳು ಅವಳು.

ಸ್ಟಾಫ್ ರೂಮಿನಲ್ಲಿ ಉಳಿದ ಕಥೆ ತಿಳಿಯಿತು. ಅವನದು ಮಾರ್ಕೆಟ್ ರಸ್ತೆಯ ಕನ್ನಡಕದಂಗಡಿ. ಹೆಂಡತಿ ಬೇರೆ ಊರಿನಲ್ಲಿ ಕೆಲಸ ಹಿಡಿದು ಹೋಗಿದ್ದಳು. ಮೊದಲು ಮಾತು ನಿಂತಿತ್ತು, ಆಮೇಲೆ ಮದುವೆಯೂ ಮುರಿದಿತ್ತು. ಈಗ ಮಗಳು ತನಗೆ ಬೇಕೆಂದು ಕೋರ್ಟಿಗೆ ಹಾಕಿದ್ದಳು. ಒಂದು ದಿನ ಹೇಳದೆ ಕೇಳದೆ ಮಗುವನ್ನು ಕರೆದುಕೊಂಡು ಹೋಗಿಬಿಡುತ್ತಾಳೆ ಎಂಬ ಹೆದರಿಕೆ ಅವನೊಳಗೆ ಸದಾ ಕಾದುಕೊಂಡಿರುತ್ತಿತ್ತು. ಅದಕ್ಕೇ ಆ ಓಟ.

ಮರುದಿನ ಹಾಜರಿ ಮುಗಿಸಿದ ಮೇಲೆ ಟೀಚರ್ ಸ್ವಲ್ಪ ಹೊತ್ತು ಯೋಚಿಸಿ ಅವನೊಬ್ಬನಿಗೇ ಒಂದು ಪದ ಕಳಿಸಿದಳು. ‘ಬಂದಿದ್ದಾಳೆ.’

ಉತ್ತರ ಕೂಡಲೇ ಬಂತು. ‘ಉಸಿರು ಬಂತು.’

ಅದೇ ರೂಢಿಯಾಯಿತು. ಅವಳು ದಿನವೂ ಬಂದಿದ್ದಾಳೆ ಎನ್ನುವುದು, ಅವನು ಉಸಿರು ಬಂತು ಎನ್ನುವುದು. ಆಮೇಲೆ ಒಂದು ಸಾಲು ಎರಡಾಯಿತು, ಎರಡು ನಾಲ್ಕಾಯಿತು. ಇವತ್ತು ಡಬ್ಬಿ ಖಾಲಿ ಮಾಡಿದಳು. ಇವತ್ತು ಜಗಳ ಬಿಡಿಸಲು ಹೋಗಿ ತಾನೇ ಎರಡು ತಿಂದು ಬಂದಳು. ಅವನು ಮಗಳನ್ನು ಮನೆಯಲ್ಲಿ ಕಡ್ಡಿ ಎಂದು ಕರೆಯುತ್ತಿದ್ದ, ಕನ್ನಡಕದ ಕಡ್ಡಿಯಷ್ಟೇ ದಪ್ಪ ಇದ್ದಾಳೆ ಎಂದು. ಟೀಚರ್‌ಗೂ ಅವಳು ಕಡ್ಡಿಯಾದಳು. ಜಡೆ ಹಾಕಲು ಬರುವುದಿಲ್ಲ, ಏನು ಮಾಡಲಿ ಎಂದು ಅವನು ಒಮ್ಮೆ ಕೇಳಿದ. ಟೀಚರ್ ತನ್ನ ಅಕ್ಕನನ್ನು ಕೂರಿಸಿ, ಜಡೆ ಹೆಣೆಯುವುದನ್ನು ವೀಡಿಯೋ ಮಾಡಿ ಕಳಿಸಿದಳು. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಆ ವೀಡಿಯೋ ನೋಡುತ್ತಿದ್ದೆ, ಅವರೂ ಕಲಿತರು ಎಂದು ಅವನು ಬರೆದ.

ಅಪ್ಪ ಅಮ್ಮ ಹೋದ ಮೇಲೆ ಟೀಚರ್ ಇದ್ದದ್ದು ಈ ಅಕ್ಕನ ಜೊತೆಗೇ. ಅಕ್ಕನಿಗೆ ರಸ್ತೆ ಬದಿಯಲ್ಲಿ ಹೊಲಿಗೆ ಅಂಗಡಿ. ಬಟ್ಟೆ ಅಳೆದಂತೆ ಮನುಷ್ಯರನ್ನೂ ಅಳೆಯುವವಳು.

"ಅಲ್ಲ ಕಣೇ, ಶಾಲೆಯವರ ಜೊತೆ ಮಾತಾಡೋಕೆ ಇಷ್ಟೊಂದು ನಗ್ಬೇಕಾ?" ಎಂದಳು ಒಂದು ಸಂಜೆ, ಸೂಜಿಗೆ ದಾರ ಪೋಣಿಸುತ್ತ.

ಟೀಚರ್ ಮೊಬೈಲು ಮಗುಚಿಟ್ಟಳು. ನಗು ಮಾತ್ರ ತುಟಿಯಿಂದ ಇಳಿಯಲಿಲ್ಲ.

ಕಣ್ಣು ಮಂಜಾಗುತ್ತಿದೆ ಎಂಬ ನೆಪ ಹೇಳಿಕೊಂಡು ಅವಳು ಒಂದು ಭಾನುವಾರ ಅವನ ಅಂಗಡಿಗೆ ಹೋದಳು. ನೆಪವೇನೂ ಪೂರ್ತಿ ಸುಳ್ಳಲ್ಲ. ಪರದೆ ಎಳೆದ ಒಳಕೋಣೆಯಲ್ಲಿ ಅವನು ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಕಣ್ಣು ಪರೀಕ್ಷೆಯ ಭಾರವಾದ ಫ್ರೇಮು ತೊಡಿಸಿ, ಒಂದೊಂದೇ ಗ್ಲಾಸು ಬದಲಾಯಿಸುತ್ತ ಹೋದ. ಕತ್ತಲಲ್ಲಿ ಎದುರಿನ ಅಕ್ಷರಗಳಷ್ಟೇ ಬೆಳಗುತ್ತಿದ್ದವು. ಅವನ ಅಂಗಿಯ ಸೋಪಿನ ವಾಸನೆ ಅವಳಿಗೆ ಬರುತ್ತಿತ್ತು. ಇದರಲ್ಲಿ ಚೆನ್ನಾಗಿ ಕಾಣುತ್ತದೋ, ಇದರಲ್ಲೋ ಎಂದು ಅವನು ಕೇಳಿದಾಗ ಎರಡೂ ಚೆನ್ನಾಗಿದೆ ಎಂದಳು.

"ಸರಿಯಾಗಿ ನೋಡಿ ಹೇಳಿ. ನನ್ನ ಮನಸ್ಸು ನೋಯಬಾರದು ಅಂತ ಚೆನ್ನಾಗಿದೆ ಅನ್ನೋರೇ ಜಾಸ್ತಿ. ಆಮೇಲೆ ಮೆಟ್ಟಿಲು ತಪ್ಪಿ ಬೀಳ್ತಾರೆ."

ಅವಳು ನಕ್ಕಳು. ಹೊಸ ಕನ್ನಡಕವನ್ನು ಅವನೇ ತೊಡಿಸಿ, ಕಿವಿಯ ಹಿಂದೆ ಸರಿಪಡಿಸಿದ. ಆ ಬೆರಳುಗಳು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಅಲ್ಲಿ ನಿಂತವು.

"ಕೋರ್ಟಿನದೊಂದು ಮುಗಿಯಲಿ ಟೀಚರ್," ಎಂದ ಅವನು ನೆಲ ನೋಡುತ್ತ. "ಆಮೇಲೆ ನಿಮ್ಮ ಹತ್ತಿರ ಒಂದು ಮಾತು ಕೇಳೋದಿದೆ."

ಕಾಯುತ್ತೇನೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆದರೆ ಆ ಚಳಿಗಾಲ ಅವನ ಮನೆಗೆ ಬೇರೆ ಏನನ್ನೋ ತಂದಿತು. ಅವನ ಅಪ್ಪ ಲಕ್ವ ಹೊಡೆದು ಆಸ್ಪತ್ರೆ ಸೇರಿದರು. ಅವನು ಅಂಗಡಿ, ಆಸ್ಪತ್ರೆ, ಮನೆ ಎಂದು ಅಲೆದ. ಕಡ್ಡಿ ವಾರ್ಡಿನ ಹೊರಗಿನ ಬೆಂಚಿನ ಮೇಲೇ ಹೋಂವರ್ಕ್ ಮಾಡಿ ಅಲ್ಲೇ ಮಲಗಿ ಏಳತೊಡಗಿದಳು. ತಿಂಡಿ ತಿನ್ನದೆ ಬರುತ್ತಿದ್ದಳು. ಪಾಠದ ನಡುವೆ ತಲೆ ಡೆಸ್ಕಿಗೆ ತಾಗುತ್ತಿತ್ತು. ಡಬ್ಬಿಯಲ್ಲಿ ನಿನ್ನೆಯ ಬ್ರೆಡ್ಡು, ಕೆಲವು ದಿನ ಅದೂ ಇಲ್ಲ.

ಟೀಚರ್ ಮೊದಲು ಫೋನಿನಲ್ಲಿ ಮೆತ್ತಗೆ ಹೇಳಿದಳು. ಸ್ವಲ್ಪ ದಿನ, ಅಪ್ಪ ಮನೆಗೆ ಬರಲಿ, ಎಲ್ಲ ಸರಿಹೋಗುತ್ತದೆ ಎಂದ ಅವನು. ಸಂಜೆ ಕಡ್ಡಿಯನ್ನು ತನ್ನ ಮನೆಯಲ್ಲಿ ಇರಿಸಿಕೊಳ್ಳಲೇ ಎಂದಳು. ಕೇಸು ನಡೆಯುವಾಗ ಮಗುವನ್ನು ಬೇರೆಯವರ ಮನೆಯಲ್ಲಿ ಬಿಟ್ಟರೆ ಅದೇ ಒಂದು ಆರೋಪವಾಗುತ್ತದೆ ಎಂದು ಹೆದರಿದ. ಅವನ ದನಿಯಲ್ಲಿ ಎಷ್ಟು ದಣಿವಿತ್ತೆಂದರೆ ಅವಳು ಊಟವಾಯಿತೇ ಎಂದಷ್ಟೇ ಕೇಳಿ ಫೋನಿಟ್ಟಳು.

ಒಂದು ದಿನ ಕಡ್ಡಿ ನಿದ್ದೆಯಲ್ಲೇ ಬೆಂಚು ಒದ್ದೆ ಮಾಡಿಕೊಂಡಳು. ಮಕ್ಕಳು ನಕ್ಕರು. ಟೀಚರ್ ಅವಳನ್ನು ಎತ್ತಿಕೊಂಡು ಹೋಗಿ ತೊಳೆದು, ಶಾಲೆಯಲ್ಲಿದ್ದ ಹಳೆಯ ಲಂಗ ತೊಡಿಸಿದಳು. ಮಗು ಅದರ ಶಾಲೆಯ ಚೀಲದಷ್ಟೇ ಹಗುರವಾಗಿತ್ತು.

"ಅಪ್ಪಂಗೆ ಹೇಳ್ಬೇಡಿ ಮಿಸ್," ಎಂದಳು ಕಡ್ಡಿ. "ಅಪ್ಪ ಅಳ್ತಾರೆ."

ಸ್ಟಾಫ್ ರೂಮಿಗೆ ಬಂದು ಟೀಚರ್ ಮೊಬೈಲು ಕೈಗೆತ್ತಿಕೊಂಡಳು. ಬೇರೆ ಯಾವ ಮಗುವಾಗಿದ್ದರೂ ನಾನು ಎಂದೋ ಬರೆದಿರುತ್ತಿದ್ದೆ. ಇವನೆಂದು ಸುಮ್ಮನಿದ್ದೇನೆ. ನಾನು ಮುಚ್ಚಿಡುತ್ತಿರುವುದು ಮಗುವಿಗಾಗಿಯೋ, ನನಗಾಗಿಯೋ?

ಆಪ್ ತೆರೆದು, ಮಗುವಿನ ಪುಟದಲ್ಲಿ ಶಿಕ್ಷಕರ ಮಾತು ಎಂಬಲ್ಲಿ ಬರೆದಳು. ಮಗು ಹಸಿದು ಬರುತ್ತಿದೆ, ತರಗತಿಯಲ್ಲಿ ನಿದ್ದೆ ಹೋಗುತ್ತಿದೆ, ಇವತ್ತು ಹೀಗಾಯಿತು, ಮನೆಯಲ್ಲಿ ತುರ್ತಾಗಿ ಗಮನ ಬೇಕು. ಫೋನಿನಲ್ಲಿ ಹೇಳಿದರೆ ಅವನು ಕರಗಿಸಿಬಿಡುತ್ತಾನೆ, ಬರವಣಿಗೆಯಾದರೆ ಕಣ್ಣು ತೆರೆಯುತ್ತಾನೆ ಎಂಬುದಷ್ಟೇ ಅವಳ ಮನಸ್ಸಿನಲ್ಲಿತ್ತು. ಆ ಪುಟ ಅವನೊಬ್ಬನಿಗೇ ಕಾಣುವುದೆಂದು ಅವಳು ನಂಬಿದ್ದಳು.

ಆದರೆ ಅದಕ್ಕೆ ಸ್ವಲ್ಪ ದಿನ ಮೊದಲು ಕಡ್ಡಿಯ ತಾಯಿ ಶಾಲೆಯ ಆಫೀಸಿಗೆ ಬಂದು, ಹೆತ್ತ ತಾಯಿಯಾಗಿ ತನ್ನ ನಂಬರನ್ನೂ ಸೇರಿಸಿ ಹೋಗಿದ್ದಳು.

ತಾಯಿಯ ವಕೀಲರು ಆ ಪುಟವನ್ನು ಕೋರ್ಟಿನಲ್ಲಿ ಓದಿದರು. ಕೆಳಗೆ ಟೀಚರ್‌ಳ ಹೆಸರು. ಅಂತಿಮ ತೀರ್ಪು ಬರುವವರೆಗೆ ಮಗು ತಾಯಿಯ ಬಳಿ ಇರಲಿ, ವಾರ ಬಿಟ್ಟು ವಾರ ಶನಿವಾರ ಭಾನುವಾರ ತಂದೆಯ ಬಳಿ ಬರಲಿ ಎಂದು ಆದೇಶವಾಯಿತು. ಅದರ ಹಿಂದಿನ ವಾರವಷ್ಟೇ ಅವನ ಅಪ್ಪ ತೀರಿಕೊಂಡಿದ್ದರು.

ಅವನು ಶಾಲೆಗೆ ಬಂದಾಗ ಮಕ್ಕಳೆಲ್ಲ ಮನೆಗೆ ಹೋಗಿಯಾಗಿತ್ತು. ಖಾಲಿ ತರಗತಿಯಲ್ಲಿ ಅವಳು ಕಿಟಕಿ ಹಾಕುತ್ತಿದ್ದಳು.

"ನೀವು ಬರೆದದ್ದಾ?"

"ಹೌದು."

"ಅವಳು ಓದ್ತಾಳೆ ಅಂತ ಗೊತ್ತಿತ್ತಾ?"

"ಇಲ್ಲ. ನಿಮಗೆ ಮಾತ್ರ ಅಂತಲೇ..."

"ಆಫೀಸಿನಲ್ಲಿ ಕೇಳಿ ಬಂದೆ. ತಾಯಿಯ ನಂಬರ್ ಸೇರಿಸಿದ ದಿನವೇ ಆಪ್‌ನಲ್ಲಿ ನಿಮಗೆ ತಿಳಿಸಿದ್ದಾರೆ. ಅದರ ಮುಂದೆ ಓದಲಾಗಿದೆ ಅಂತಿದೆ."

ಅವಳಿಗೆ ಆಗ ನೆನಪಾಯಿತು. ಆ ವಾರ ಕ್ರೀಡಾದಿನದ ಸೂಚನೆಗಳು ಒಂದರ ಮೇಲೊಂದು ಬಂದು ಬಿದ್ದಿದ್ದವು. ತಲೆ ಕೆಟ್ಟು, ಎಲ್ಲವನ್ನೂ ಒಟ್ಟಿಗೆ ಓದಿದಂತೆ ಒತ್ತಿ ಅಳಿಸಿಹಾಕಿದ್ದಳು. ಅದರ ನಡುವೆ ಇದೂ ಇದ್ದಿರಬೇಕು. ಅದನ್ನೇ ಹೇಳಿದಳು. ಹೇಳುವಾಗಲೇ ಅದೆಷ್ಟು ಪೊಳ್ಳಾಗಿ ಕೇಳಿಸುತ್ತದೆಂದು ಅವಳಿಗೆ ಗೊತ್ತಾಯಿತು.

"ಮತ್ತೆ ಬೆರಳಿನ ತಪ್ಪು," ಎಂದ ಅವನು.

ಈ ಸಲವೂ ದನಿ ಏರಿಸಲಿಲ್ಲ. ಕಡ್ಡಿಯ ಡೆಸ್ಕಿನೊಳಗೆ ಉಳಿದಿದ್ದ ಬಣ್ಣದ ಪೆನ್ಸಿಲುಗಳನ್ನು ಆರಿಸಿಕೊಂಡು ಹೊರಟ. ಅವಳು ಕರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯುವುದು?

ಕಡ್ಡಿ ಊರು ಬಿಟ್ಟಳು. ಆದರೆ ಆಪ್‌ನಲ್ಲಿ ಅವಳ ಹೆಸರು ಉಳಿಯಿತು. ತೀರ್ಪು ಇನ್ನೂ ಬಾಕಿ, ವರ್ಗಾವಣೆ ಪತ್ರ ಆಗಿಲ್ಲ, ಹೆಸರು ತೆಗೆಯಲು ಬರುವುದಿಲ್ಲ ಎಂದರು ಹೆಡ್ ಮಿಸ್. ಎಂದಿನಂತೆ ಹಾಜರಿ ಹಾಕುತ್ತ ಬಂದ ಟೀಚರ್ ಆ ಹೆಸರಿನ ಮುಂದೆ ಗೈರು ಎಂದು ಒತ್ತಿದಳು. ಒತ್ತಿದ ಮೇಲೆ ಹೊಳೆಯಿತು. ತಾನು ಈಗ ಏನನ್ನು ಕಳಿಸಿದೆ ಎಂದು.

‘ನಿಮ್ಮ ಮಗು ಇಂದು ಶಾಲೆಗೆ ಬಂದಿಲ್ಲ.’

ಮರುದಿನ ಮತ್ತೆ. ಅದರ ಮರುದಿನವೂ. ಅಂಗಡಿಯ ಬಾಗಿಲೆತ್ತಿ, ಕನ್ನಡಕಗಳ ಧೂಳು ಒರೆಸುತ್ತಿರುವವನ ಜೇಬಿನಲ್ಲಿ ಮೊಬೈಲು ಸದ್ದು ಮಾಡುವುದು ಅವಳ ಕಣ್ಣಿಗೆ ಕಟ್ಟುತ್ತಿತ್ತು. ಆ ಸುದ್ದಿ ಕಳಿಸುತ್ತಿರುವುದು ಅವಳದೇ ಬೆರಳು. ಹೆಡ್ ಮಿಸ್ ಬಳಿ ಮತ್ತೆ ಹೋದಳು, ಆಫೀಸಿನವರನ್ನು ಬೇಡಿಕೊಂಡಳು. ಎಲ್ಲರೂ ಪಾಪ ಎಂದರು. ನಿಯಮ ಮಾತ್ರ ಅಲ್ಲಾಡಲಿಲ್ಲ.

ಒಂದು ಬೆಳಿಗ್ಗೆ ಅವಳು ಖಾಲಿ ಬೆಂಚನ್ನು ನೋಡಿದಳು. ಕಡ್ಡಿಯ ಹೆಸರಿನ ಮುಂದೆ ಹಾಜರು ಎಂದು ಒತ್ತಿದಳು.

ಆ ದಿನ ಅವನ ಮೊಬೈಲು ಸುಮ್ಮನಿತ್ತು. ಮರುದಿನವೂ. ಅವನು ಶಾಲೆಯ ಆಪ್ ತೆರೆಯುವುದನ್ನೇ ಬಿಟ್ಟಿದ್ದ. ಹೆಸರು ತೆಗೆದಿರಬೇಕು ಎಂದುಕೊಂಡ. ಅಲ್ಲಿ ಖಾಲಿ ಬೆಂಚಿಗೆ ಅವಳು ದಿನವೂ ಸುಳ್ಳು ಹಾಜರಿ ಹಾಕುತ್ತಿದ್ದಳು. ಯಾರಿಗೂ ಹೇಳಲಿಲ್ಲ, ಅಕ್ಕನಿಗೂ.

ತಿಂಗಳ ಕೊನೆಗೆ ಆಪ್ ಹೆತ್ತವರಿಗೆಲ್ಲ ತಿಂಗಳ ಹಾಜರಿ ಕಳಿಸಿತು. ತನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಿರುವ ಮಗಳು ಬೇರೆ ಊರಿನ ಶಾಲೆಗೆ ದಿನವೂ ಹೋಗಿದ್ದಾಳೆಂದು ಓದಿ ತಾಯಿ ದೂರು ಕೊಟ್ಟಳು. ಹೆಡ್ ಮಿಸ್ ಕೆಟ್ಟವರಲ್ಲ. ನಾಳೆ ಆ ಮಗುವಿಗೆ ಏನಾದರೂ ಆದರೆ ನಮ್ಮ ಲೆಕ್ಕದಲ್ಲಿ ಅವಳು ಇಲ್ಲೇ ಇದ್ದಾಳೆ, ಯಾರು ಹೊಣೆ ಎಂದು ಕೇಳಿದರು. ಯಾಕೆ ಹೀಗೆ ಮಾಡಿದಿರಿ ಎಂಬುದಕ್ಕೆ ಟೀಚರ್‌ಳ ಬಳಿ ಉತ್ತರವಿತ್ತು, ಅದನ್ನು ಅಲ್ಲಿ ಹೇಳುವಂತಿರಲಿಲ್ಲ. ತೆಗೆದುಹಾಕುವ ಮೊದಲು ನೀವೇ ಬಿಡುವುದು ಒಳ್ಳೆಯದು ಎಂದರು ಅವರು. ಅವಳು ಅಲ್ಲೇ ಬರೆದುಕೊಟ್ಟು ಬಂದಳು.

ಅಕ್ಕ ಬೈಯಲಿಲ್ಲ. ಗುಂಡಿ ಹಚ್ಚುವ ಕೆಲಸ ಮುಂದಿಟ್ಟು, ಬೇಕಾದರೆ ಅಳು, ಬಟ್ಟೆ ಮೇಲೆ ಮಾತ್ರ ಬೀಳಿಸಬೇಡ, ಗಿರಾಕಿಯದು ಎಂದಳು.

ಮುಂದಿನ ಶನಿವಾರ ಅವನು ಮಗಳನ್ನು ಕರೆತರಲು ಹೋದಾಗ, ಕಡ್ಡಿಯ ತಾಯಿ ಬಾಗಿಲಲ್ಲೇ ನಿಂತು ಆ ವಿಷಯ ಎತ್ತಿದಳು. ನಿಮ್ಮ ಟೀಚರ್‌ಗೆ ತಲೆ ಸರಿಯಿದೆಯಾ, ಇಲ್ಲದ ಮಗುವಿಗೆ ದಿನವೂ ಹಾಜರಿ ಹಾಕಿದ್ದಾಳೆ ಎಂದಳು. ದೂರು ಕೊಟ್ಟೆ, ಕೆಲಸ ಬಿಟ್ಟಳಂತೆ, ಅಷ್ಟಾಗಲಿ ಅಂತ ನಾನು ಬಯಸಿರಲಿಲ್ಲ ಎಂದೂ ಹೇಳಿದಳು.

ಅವನಿಗೆ ಮೊಬೈಲು ಸುಮ್ಮನಾದ ಬೆಳಗು ನೆನಪಾಯಿತು.

"ಅವರು ನಿನ್ನ ಕಡೆಯವರಲ್ವಾ?" ಎಂದು ಕೇಳಿದ.

"ನನ್ನ ಕಡೆ? ನಾನು ಅವಳ ಮುಖಾನೇ ನೋಡಿಲ್ಲ. ಆಫೀಸಿಗೆ ಹೋಗಿ ನಂಬರ್ ಕೊಟ್ಟು ಬಂದೆ, ಅಷ್ಟೇ. ಮಗು ಹಸಿದಿದೆ ಅಂತ ಓದಿದ ದಿನ ನಂಗೆ ಅನ್ನ ಇಳೀಲಿಲ್ಲ. ಅದಕ್ಕೆ ವಕೀಲರಿಗೆ ಕೊಟ್ಟೆ."

ಅವಳ ಕಣ್ಣಲ್ಲೂ ನೀರಿತ್ತು. ಎಷ್ಟೋ ಕಾಲದ ನಂತರ ಆ ಇಬ್ಬರೂ ಒಬ್ಬರನ್ನೊಬ್ಬರು ಬೈಯದೆ ಒಂದು ನಿಮಿಷ ನಿಂತಿದ್ದರು.

ಭಾನುವಾರ ಮಧ್ಯಾಹ್ನ ಹೊಲಿಗೆ ಅಂಗಡಿಯ ಮುಂದೆ ಎರಡು ನೆರಳು ಬಿದ್ದವು. ಟೀಚರ್ ತಲೆಯೆತ್ತುವ ಮೊದಲೇ ಕಡ್ಡಿ ಬಂದು ಅವಳ ಕೊರಳಿಗೆ ಜೋತುಬಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಹೊಸ ಶಾಲೆ, ಹೊಸ ಗೆಳತಿ, ಬಿದ್ದುಹೋದ ಹಲ್ಲು ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಕ್ಕ ಅವಳಿಗೆ ಬಟ್ಟೆ ಚೂರುಗಳ ಚೀಲ ತೋರಿಸುತ್ತೇನೆಂದು ಒಳಗೆ ಕರೆದುಕೊಂಡು ಹೋದಳು.

ಅವನು ನಿಂತೇ ಇದ್ದ. ಸೊರಗಿದ್ದ.

"ದಪ್ಪ ಆಗಿದ್ದಾಳೆ ಅಲ್ವಾ?" ಎಂದ.

"ಹೂಂ."

"ಖುಷಿ ಪಡಬೇಕು. ಪಡ್ತೀನಿ. ಆದ್ರೆ ನೋಡಿದಾಗಲೆಲ್ಲ ಇಲ್ಲಿ ಏನೋ ಚುಚ್ಚುತ್ತೆ."

ಅವಳು ಕೈಯಲ್ಲಿದ್ದ ಅಂಗಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ನಿಮ್ಮ ಮೇಲೆ ಯಾಕೆ ಅಷ್ಟು ಸಿಟ್ಟು ಬಂತು ಅಂತ ಬಸ್ಸಿನಲ್ಲಿ ಬರ್ತಾ ಯೋಚನೆ ಮಾಡಿದೆ," ಎಂದ ಅವನು. "ಸುಳ್ಳು ಬರೆದಿದ್ರೆ ಅವತ್ತೇ ಮರೆತುಬಿಡ್ತಿದ್ದೆ ಟೀಚರ್. ನೀವು ಬರೆದದ್ದು ನಿಜ. ನನ್ನ ಮಗಳು ಹಸಿದಿದ್ಲು, ನನಗೆ ಕಾಣಿಸಲಿಲ್ಲ. ಅದನ್ನ ನುಂಗೋಕಾಗದೆ ನಿಮ್ಮನ್ನ ಕಳ್ಳಿ ಮಾಡಿದೆ."

ಅವಳ ಕಣ್ಣು ತುಂಬಿತು. ಸಮಾಧಾನದ ಮಾತು ಬಾಯಿಗೆ ಬಂದಿತ್ತು. ಇಲ್ಲ, ನಿಮ್ಮ ತಪ್ಪೇನಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ.

"ನಾನು ಬರೆಯೋ ಮೊದಲು ನಿಮ್ಮ ಮನೆ ಬಾಗಿಲಿಗೆ ಬರಬೇಕಿತ್ತು," ಎಂದಳು. "ಎದುರು ನಿಂತು ಜಗಳ ಆಡಬೇಕಿತ್ತು. ನೀವು ನನ್ನಿಂದ ದೂರ ಆಗ್ತೀರಿ ಅಂತ ಹೆದರಿದೆ. ಅದಕ್ಕೆ ಮೊಬೈಲಿನ ಹಿಂದೆ ಅಡಗಿಕೊಂಡೆ."

ಒಳಗೆ ಹೊಲಿಗೆ ಯಂತ್ರದ ಸದ್ದಿಗೆ ಕಡ್ಡಿ ನಗುವುದು ಕೇಳಿಸುತ್ತಿತ್ತು. ಇಬ್ಬರೂ ಅದನ್ನೇ ಕೇಳುತ್ತ ನಿಂತರು. ಇನ್ನು ಸ್ವಲ್ಪ ಹೊತ್ತಿಗೆ ಅವಳನ್ನು ವಾಪಸ್ ಬಿಟ್ಟುಬರಬೇಕಿತ್ತು.

"ಹೋಗುವಾಗ ಪರವಾಗಿಲ್ಲ," ಎಂದ ಅವನು. "ಅವಳು ಮಾತಾಡ್ತಾ ಇರ್ತಾಳೆ. ಬಿಟ್ಟು ಬರುವಾಗ ಪಕ್ಕದ ಸೀಟು ಖಾಲಿ ಇರುತ್ತೆ. ಯಾರಾದ್ರೂ ಬಂದು ಕೂತ್ರೆ ಎದ್ದು ಹೋಗಿ ನಿಂತ್ಕೋತೀನಿ. ನನ್ನ ಕೈಲಿ ಆಗ್ತಿಲ್ಲ." ಸ್ವಲ್ಪ ತಡೆದು ಕೇಳಿದ, "ಬರ್ತೀರಾ? ವಾಪಸ್ ಬರೋಕೆ... ಜೊತೆಗೆ?"

ಅವಳು ಅಕ್ಕನ ಕಡೆ ನೋಡಿದಳು. ಪರದೆಯ ಸಂದಿಯಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಅಕ್ಕ, ಗೂಟದಲ್ಲಿದ್ದ ಶಾಲನ್ನು ತೆಗೆದು ಅವಳ ಹೆಗಲಿಗೆ ಎಸೆದಳು.

ಹೋಗುವ ದಾರಿಯುದ್ದಕ್ಕೂ ಕಡ್ಡಿ ಇಬ್ಬರ ನಡುವೆ ಕೂತು ವಟಗುಟ್ಟಿದಳು. ತಾಯಿಯ ಮನೆಯ ಗೇಟಿನಲ್ಲಿ ಟೀಚರ್ ದೂರವೇ ನಿಂತಳು. ಅವನು ಮಗಳ ಚೀಲ ಕೊಟ್ಟು, ಹಣೆಗೆ ಮುತ್ತಿಟ್ಟು, ಅವಳು ಒಳಗೆ ಓಡುವವರೆಗೆ ನಗುತ್ತಲೇ ಇದ್ದ. ಬಾಗಿಲು ಮುಚ್ಚಿದ ಮೇಲೆ ಆ ನಗು ಮುಖದ ಮೇಲೆ ಹಾಗೇ ಉಳಿದು, ನಿಧಾನವಾಗಿ ಆರಿತು.

ವಾಪಸ್ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಅತ್ತ. ಅವಳು ಅಳಬೇಡಿ ಎನ್ನಲಿಲ್ಲ. ಶಾಲಿನ ಅರ್ಧವನ್ನು ಅವನ ಮೊಣಕಾಲಿನ ಮೇಲೆ ಹೊದಿಸಿ, ಅದರಡಿಯಲ್ಲಿ ಅವನ ಕೈ ಹುಡುಕಿ ಹಿಡಿದುಕೊಂಡಳು. ತೀರ್ಪು ಏನಾಗುತ್ತದೋ ಇಬ್ಬರಿಗೂ ಗೊತ್ತಿರಲಿಲ್ಲ. ಕಡ್ಡಿ ಮನೆಗೆ ಬರುತ್ತಾಳೆಂದು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹೊರಗೆ ಹೊಲಗಳ ಮೇಲೆ ಬೆಳಕು ಸೋರಿಹೋಗುತ್ತಿತ್ತು.

ಬಹಳ ದೂರ ಬಂದ ಮೇಲೆ ಅವನು ಮುಖ ಒರೆಸಿಕೊಂಡು ಈಚೆ ತಿರುಗಿದ. ಅವಳ ಕಣ್ಣು ಭಾರವಾಗಿ ಮುಚ್ಚುತ್ತಿದ್ದುದನ್ನು ನೋಡಿದ.

"ಮಲಗು," ಎಂದ ಮೆಲ್ಲಗೆ. "ಊರು ಬಂದಾಗ ಎಬ್ಬಿಸ್ತೀನಿ."

ಟೀಚರ್ ಎನ್ನಲಿಲ್ಲ, ಮಲಗಿ ಎನ್ನಲಿಲ್ಲ. ಅವನಿಗೇ ಅದು ಗೊತ್ತಾಗಲಿಲ್ಲವೋ ಏನೋ. ಅವಳು ಅವನ ಹೆಗಲಿಗೆ ತಲೆಯಾನಿಸಿದಳು.

"ನೀನೂ ಮಲಗಿಬಿಟ್ಟೀಯ," ಎಂದಳು ಕಣ್ಣು ಮುಚ್ಚಿಕೊಂಡೇ.

"ಇಲ್ಲ. ನಾನು ಎದ್ದಿರ್ತೀನಿ."